ಸೀರೆ ಅಂಗಡಿಗೆ ಎಷ್ಟು ಬೆಳಕು ಬೇಕು

ಬೆಟಗೇರಿಯ ಸೀರೆ ವ್ಯಾಪಾರಿ ಹುಚ್ಚೀರಪ್ಪ ಕೂತಲ್ಲಿ ಕೂರುವ ಮನುಷ್ಯನೇ ಅಲ್ಲ. ಏಕೀಕರಣವೂ ದೀಪಾವಳಿಯೂ ಒಂದೇ ವಾರಕ್ಕೆ ಬಿದ್ದಿದ್ದ ಐವತ್ತಾರರಲ್ಲಂತೂ ಅವನಿಗೆ ಬೆಳಕಿನ ಹುಚ್ಚು ಹಿಡಿಯಿತು. ಮೊದಲು ತಾನು ಕೂತು ಸೀರೆ ಹರವುವ ಗಾದಿಯ ಮೇಲ್ಗಡೆ ಎರಡು ಬಲ್ಬು ಹಾಕಿಸಿದ. ಸಾಲದೆನಿಸಿತು. ಕಪಾಟಿನ ಮುಂದೆ ಮತ್ತೆ ನಾಲ್ಕು ಹಾಕಿಸಿದ. ಗಿರಾಕಿಯ ನೆರಳು ಸೀರೆಯ ಮೇಲೆ ಬೀಳುತ್ತದೆಂದು ಅವನ್ನು ಎಡಕ್ಕೆ ಸರಿಸಿದ, ಮರುದಿನ ಬಲಕ್ಕೆ. ಹುಬ್ಬಳ್ಳಿಯಿಂದ ಟ್ಯೂಬ್‌ಲೈಟು ತರಿಸಿದ. ಅದರ ಕೆಳಗೆ ಕೆಂಪು ಸಪ್ಪಗಾಗುತ್ತದೆಂದು ಅದನ್ನೂ ಇಳಿಸಿ ಇನ್ನೆರಡು ಬಲ್ಬು ತೂಗಿಸಿದ.

ಏಣಿ ಹತ್ತಿಳಿದು ಬೇಸತ್ತ ವೈರ್‌ಮನ್ ಮುರ್ತುಜಾ ಕಡೆಗೆ ಬಾಯಿಬಿಟ್ಟ.

"ಸಾವ್ಕಾರ್ರ, ತಪ್ಪು ಬಲ್ಬಿಂದಲ್ರಿ. ಇಷ್ಟ ಬೆಳಕಿನ್ಯಾಗ ಸೂಜಿ ಪೋಣಸಬೌದು."

ಹುಚ್ಚೀರಪ್ಪ ಅವನ ಮೇಲೆ ಹರಿಹಾಯ್ದ. ಕೋಪಕ್ಕಲ್ಲ, ಹೆದರಿಕೆಗೆ. ವರ್ಷದಿಂದ ಅವನ ಕಣ್ಣು ಮಂಜಾಗುತ್ತ ಬಂದಿತ್ತು. ಹೆಂಡತಿಗೂ ಹೇಳಿರಲಿಲ್ಲ. ಇದು ಗಿಳಿಹಸಿರು, ಇದು ಎಲೆಹಸಿರು ಎಂದು ದೂರದಿಂದಲೇ ಹೇಳುವ ಅವನ ಕಣ್ಣನ್ನು ನಂಬಿಯೇ ಸುತ್ತಲ ಹಳ್ಳಿಯವರು ಬರುತ್ತಿದ್ದರು. ಕಣ್ಣಿಲ್ಲದ ಸೀರೆ ವ್ಯಾಪಾರಿಯನ್ನು ಯಾರು ಕೇಳುತ್ತಾರೆ? ಪುಣ್ಯಕ್ಕೆ, ಗಿರಾಕಿ ಕೇಳಿದ ಬಣ್ಣ ಇನ್ನೂ ಕೈಗೆ ಸಿಗುತ್ತಲೇ ಇತ್ತು. ಅಂದಮೇಲೆ ದೋಷ ದೀಪದ್ದೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಮ್ಮ ಸಾವುಕಾರನದೂ ಅದೇ ಕಥೆ.

ದೀಪಾವಳಿಗೆ ಎಂಟು ದಿನವಿದ್ದಾಗ ಹೆಂಡತಿ ಶೇಖವ್ವ ತಂಗಿಯ ಬಾಣಂತನಕ್ಕೆ ಮುಂಡರಗಿಯ ತವರಿಗೆ ಹೋದಳು. ಅವಳು ಹೋದ ಮೂರನೆಯ ದಿನ ಕಳಸಾಪುರದ ಅಮೃತವ್ವ ಬಂದು, ಚೊಚ್ಚಲ ಬಸುರಿ ಮಗಳ ಕುಬಸದ ಶಾಸ್ತ್ರಕ್ಕೆ ಹಸಿರು ಸೀರೆ ಬೇಕೆಂದಳು. ಹುಚ್ಚೀರಪ್ಪ ಎಂಟೂ ಬಲ್ಬು ಹಚ್ಚಿದ. ಎರಡನೆಯ ಗೂಡಿಗೆ ಕೈಹಾಕಿ, ಸೀರೆ ತೆಗೆದು, ಗಾದಿಯ ಮೇಲೆ ಹರವಿ, ಇಂಥ ಎಲೆಹಸಿರು ಇಡೀ ಪೇಟೆಯಲ್ಲಿ ಸಿಗದು ಎಂದು ಹೊಗಳಿದ.

ಅಮೃತವ್ವ ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು ನೋಡಿದಳು.

"ಸಾವ್ಕಾರ್ರ, ಇದು ಕರೀದೈತ್ರಿ. ಬಸರಿಗೆ ಕರೀ ಸೀರಿ ಉಡಸ್ಲೇನು?"

ಅವಳು ಎದ್ದು ಪಕ್ಕದ ಅಂಗಡಿಗೆ ಹೋದಳು. ಹುಚ್ಚೀರಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕಪಾಟಿನ ಮುಂದೆ ನಿಂತು ಒಂದೊಂದೇ ಗೂಡು ಮುಟ್ಟಿದ. ಮೇಲೆ ಕೆಂಪು, ಎರಡನೆಯದರಲ್ಲಿ ಹಸಿರು, ತಳಕ್ಕೆ ಕಪ್ಪು. ಎಷ್ಟೋ ತಿಂಗಳಿಂದ ಅವನ ಕೈ ನಡೆದದ್ದು ಈ ದಾರಿಯಲ್ಲಿ. ಬೆಳಿಗ್ಗೆ ಕಸ ಹೊಡೆಯಲು ಬರುತ್ತಿದ್ದ ಶೇಖವ್ವ ಸೀರೆಗಳನ್ನು ಹಾಗೆ ಜೋಡಿಸಿಡುತ್ತಿದ್ದಳು. ಮೂರು ದಿನದಿಂದ ಜೋಡಿಸಿದವನು ತಾನು. ಆಗ ಅವನಿಗೆ ಎಲ್ಲ ತಿಳಿಯಿತು: ಕೇಳಿದ ಬಣ್ಣ ಸಿಗುತ್ತಿದ್ದುದು ತನ್ನ ಕಣ್ಣಿಂದಲ್ಲ, ಅವಳ ಜೋಡಣೆಯಿಂದ.

ಅಂಗಡಿಗೆ ಬೀಗ ಹಾಕಿದವನೇ ಮುಂಡರಗಿ ಬಸ್ಸು ಹತ್ತಿದ. ಮಾವನ ಮನೆಯಲ್ಲಿ ಕೊಟ್ಟ ನೀರನ್ನೂ ಕುಡಿಯದೆ, ನನ್ನ ಕಣ್ಣಿನ ಸಂಗತಿ ಎಂದಿನಿಂದ ಗೊತ್ತು ಎಂದು ಹೆಂಡತಿಯನ್ನು ಕೇಳಿದ.

"ಹ್ವಾದ ಉಗಾದಿಯಿಂದ. ನಾ ಹಸರು ಸೀರಿ ಉಟ್ರ, ನೀಲಿ ನಿನಗ ಒಪ್ಪತೈತಿ ಅಂದ್ರಿ."

"ಮತ್ತ ಹೇಳಬಾರದಾಗಿತ್ತೇನು?"

"ನೀವು ಹೇಳಿದ್ರೇನು?"

ಹುಚ್ಚೀರಪ್ಪ ಈಗ ಆ ನೀರನ್ನು ಎತ್ತಿ ಕುಡಿದ.

ನಾಲ್ಕು ದಿನ ಕಳೆದು ಶೇಖವ್ವ ಅಂಗಡಿಯ ಗಾದಿಯ ಮೇಲೆ ಗಂಡನ ಪಕ್ಕ ಕೂತಳು. ಆ ಪೇಟೆಯಲ್ಲಿ ಗಾದಿ ಏರಿದ ಹೆಂಗಸೇ ಇರಲಿಲ್ಲ. ಎದುರಂಗಡಿಯವರು ಕೆಲಸ ಬಿಟ್ಟು ನೋಡಿದರು, ಒಬ್ಬಿಬ್ಬರು ನಕ್ಕರು. ಹುಚ್ಚೀರಪ್ಪನ ಕಿವಿ ಕೆಂಪಾಯಿತು, ಆದರೆ ಅವನು ಏಳಲಿಲ್ಲ. ಅಷ್ಟರಲ್ಲಿ ಮುರ್ತುಜಾ ಏಣಿ ಹೊತ್ತು ಬಂದು, ಇವತ್ತು ಯಾವ ಬಲ್ಬು ಎಲ್ಲಿಗೆ ಎಂದು ಸಾವುಕಾರನನ್ನೇ ಕೇಳಿದ.

"ಆಕಿನ್ನ ಕೇಳು," ಎಂದ ಹುಚ್ಚೀರಪ್ಪ. "ಇನ್ಮ್ಯಾಲ ನೋಡಾಕಿ ಆಕಿ."