ಮೂಕಿ ಸಿನಿಮಾದ ಬೀಗರು

ನನ್ನ ಮಾವನವರಿಗೆ ಕಿವಿ ಮಂದ. ಬಸ್ ಕಂಡಕ್ಟರ್ ಆಗಿ ಕೊಪ್ಪಳ, ಕುಷ್ಟಗಿ, ಗಂಗಾವತಿ ಎಂದು ತಿರುಗಿದವರು. ಎಂಜಿನ್ನಿನ ಸದ್ದೇ ಕಿವಿ ತಿಂದಿತು ಎಂಬುದು ಅವರ ವಾದ. ಅತ್ತೆಯವರ ಪ್ರಕಾರ, ಮದುವೆಯಾದ ಹೊಸದರಲ್ಲೇ ಅವರಿಗೆ ಹೆಂಡತಿಯ ಮಾತು ಕೇಳಿಸುತ್ತಿರಲಿಲ್ಲ. ಡಾಕ್ಟರು ಬರೆದುಕೊಟ್ಟ ಕಿವಿಯ ಮಷೀನು ಕಪಾಟಿನಲ್ಲೇ ಇದೆ. “ಅದನ್ನ ಹಾಕ್ಕೊಂಡ್ರ ಬ್ಯಾಡಾದ್ದೂ ಕೇಳಸ್ತೈತವಾ,” ಎನ್ನುತ್ತಾರೆ ಮಾವನವರು. ಮರಳಿ ಎಂಬ ಊರಿನಿಂದ ಈ ಮನೆಗೆ ಸೊಸೆಯಾಗಿ ಬಂದ ನಾನು ಮೊದಲು ಕಲಿತದ್ದು ಕೂಗಿ ಮಾತಾಡುವುದನ್ನು.

ಅವರು ಟಿವಿಯಲ್ಲಿ ಸುದ್ದಿ ಹಚ್ಚಿದರೆ ಯಲಬುರ್ಗಾದ ನಮ್ಮ ಓಣಿಯವರು ತಮ್ಮ ಟಿವಿ ಬಂದ್ ಮಾಡಿ ನಮ್ಮದನ್ನೇ ಕೇಳುತ್ತಿದ್ದರು. ಕೊನೆಗೊಂದು ದಿನ ನಮ್ಮ ಟಿವಿ ಗೊರಗೊರ ಅಂದು ಸದ್ದು ನಿಲ್ಲಿಸಿತು. ಚಿತ್ರ ಬರುತ್ತಿತ್ತು, ಮಾತಿಲ್ಲ. ರಿಪೇರಿಯವನು ಬಂದು, “ಸ್ಪೀಕರ್ ಹೋಗೇತ್ರಿ, ಹುಬ್ಬಳ್ಳಿಯಿಂದ ತರಸಬೇಕು,” ಎಂದು ಹೇಳಿ ಹೋದವನು ತಿರುಗಿ ಬರಲಿಲ್ಲ.

ಬಿ.ಎಡ್ ಮುಗಿಸಿ ಮನೆಯಲ್ಲಿದ್ದ ನನ್ನ ನಾದಿನಿ ಟಿವಿಗೆ ಇಂಟರ್ನೆಟ್ ಜೋಡಿಸಿ, ಹುಡುಕಾಡಿ ಒಂದು ಹಳೆಯ ಮೂಕಿ ಸಿನಿಮಾ ಹಚ್ಚಿದಳು. ಕಪ್ಪು ಬಿಳುಪಿನದು. ದೊಗಳೆ ಕೋಟಿನ ಒಬ್ಬ ಸಣಕಲ ಒಂದು ಕಬ್ಬಿಣದ ಮಂಚವನ್ನು ಊರಿನ ಈ ತುದಿಯಿಂದ ಆ ತುದಿಗೆ ಒಯ್ದು ಮುಟ್ಟಿಸಬೇಕು. ಕತೆ ಅಷ್ಟೇ. ಅವನು ಮಂಚಕ್ಕೆ ಗಾಲಿ ಕಟ್ಟಿ ಹಗ್ಗದಿಂದ ಎಳೆಯುತ್ತಾನೆ. ಹಿಂದಿನಿಂದ ಒಬ್ಬ ಕುಡುಕ ಹತ್ತಿ ಮಲಗುತ್ತಾನೆ. ಮಂಚ ಯಾಕೆ ಭಾರವಾಯಿತೆಂದು ಇವನಿಗೆ ತಿಳಿಯುವುದಿಲ್ಲ. ತಿರುಗಿ ನೋಡಿದಾಗಲೆಲ್ಲ ಕುಡುಕ ಹೊರಳಿ ಕೆಳಗೆ ಬಿದ್ದಿರುತ್ತಾನೆ.

ಮಾವನವರು ಕುರ್ಚಿಯಿಂದ ಜಾರುವಂತೆ ನಕ್ಕರು. ನಡುವೆ ಬರುವ ಇಂಗ್ಲಿಷ್ ಅಕ್ಷರಗಳನ್ನು ಯಾರೂ ಓದಲಿಲ್ಲ, ಯಾಕೆಂದರೆ ಮಾತನ್ನೆಲ್ಲ ಅವರೇ ಆಡುತ್ತಿದ್ದರು. “ಏ ತಮ್ಮಾ, ಮಂಚಕ್ಕ ಲಗೇಜ್ ಟಿಕೇಟ್ ತಗದೀಯೇನು? ಮ್ಯಾಲ ಮಲಗ್ಯಾನಲ್ಲ, ಅಂವಗ ಬ್ಯಾರೆ ಟಿಕೇಟು.” ಮರುದಿನವೂ ಅದನ್ನೇ ಹಚ್ಚಲು ಹೇಳಿದರು. ಅದರ ಮರುದಿನವೂ.

ಆ ದಿನಗಳಲ್ಲೇ ಹನುಮಸಾಗರದಿಂದ ನಾದಿನಿಯನ್ನು ನೋಡಲು ಬಂದರು. ಹುಡುಗ, ಅವನ ತಾಯಿ, ಮತ್ತು ಮಾತುಕತೆಗೆ ಹಿರಿಯರಾಗಿ ಅವನ ದೊಡ್ಡಪ್ಪ. ಶೇಂಗಾ ವ್ಯಾಪಾರದವರಂತೆ, ಗತ್ತಿನ ಮನುಷ್ಯ. ಉಪ್ಪಿಟ್ಟು, ಚಹಾ ಕೊಟ್ಟೆವು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು ಮಾವನವರನ್ನು ಕೇಳಿದರು:

“ಹುಡುಗಿ ಎಲ್ಲೀತನಕ ಓದ್ಯಾಳ್ರಿ?”

ಮಾವನವರಿಗೆ ‘ಎಲ್ಲೀತನಕ’ ಅಷ್ಟೇ ಕೇಳಿಸಿರಬೇಕು. “ಕುಷ್ಟಗೀತನಕ ಸೀದಾ ಐತ್ರಿ. ಅಲ್ಲಿ ಇಳದು ಬ್ಯಾರೆ ಬಸ್ ಹಿಡೀಬೇಕು.”

ನಾನು ತಿದ್ದಲು ಬಾಯಿ ತೆರೆದೆ. ಆದರೆ ದೊಡ್ಡಪ್ಪ ತೃಪ್ತಿಯಿಂದ ತಲೆಯಾಡಿಸಿದರು. “ಭಾಳ ಛಲೋ ಆತು. ನಮ್ಮ ಹುಡುಗನೂ ಅಷ್ಟ ಓದ್ಯಾನ್ರಿ.”

ಆಗ ತಿಳಿಯಿತು, ಅವರಿಗೂ ಕಿವಿ ಕೇಳಿಸುವುದಿಲ್ಲ. ಇಬ್ಬರೂ ಅದನ್ನು ಮುಚ್ಚಿಟ್ಟುಕೊಂಡು ಗಂಭೀರವಾಗಿ ಸಂಬಂಧದ ಮಾತು ಮುಂದುವರಿಸಿದರು. ನಾದಿನಿ ತಲೆ ತಗ್ಗಿಸಿ ಕುಳಿತಿದ್ದಳು. ಬಂದವರು ಅದನ್ನು ನಾಚಿಕೆ ಎಂದುಕೊಂಡರು. ಅವಳ ಭುಜ ಕುಲುಕುತ್ತಿದ್ದುದು ನನಗೊಬ್ಬಳಿಗೇ ಕಾಣುತ್ತಿತ್ತು.

“ಅಡಗಿ ಹೆಂಗ್ರಿ?” ಎಂದರು ದೊಡ್ಡಪ್ಪ.

ಮಾವನವರಿಗೆ ಅದು ‘ಗಾಡಿ’ ಎಂದು ಕೇಳಿಸಿತು. ಬಾಗಿಲ ಮುಂದೆ ನಿಲ್ಲಿಸಿದ್ದ ನನ್ನ ಗಂಡನ ಬೈಕಿನ ಕಡೆ ಅವರ ಲಕ್ಷ್ಯ ಹೋಯಿತು. “ಏನ್ ಹೇಳೂದ್ರಿ, ಮುಂಜಾನೆ ನಾಕ್ ಸಲ ಒದೀಬೇಕು. ಒದ್ದಮ್ಯಾಲ ಛಲೋ ನಡೀತೈತಿ.”

ಹುಡುಗನ ತಾಯಿಯ ಕಿವಿ ನೆಟ್ಟಗಿತ್ತು. ಅವರ ಉಪ್ಪಿಟ್ಟಿನ ಚಮಚ ಬಾಯಿಯ ಹತ್ತಿರ ಬಂದದ್ದು ಅಲ್ಲೇ ನಿಂತಿತು. ಏನು ಮಾಡಬೇಕೆಂದು ತೋಚದೆ ನನ್ನ ಗಂಡ ರಿಮೋಟ್ ಒತ್ತಿದರು. ಹಿಂದಿನ ದಿನ ನಿಲ್ಲಿಸಿದಲ್ಲಿಂದ ಮಂಚ ಹೊರಟಿತು.

ದೊಡ್ಡಪ್ಪ ಮೊದಲು ಓರೆಗಣ್ಣಿನಿಂದ ನೋಡಿದರು. ಕುಡುಕ ಮಂಚ ಹತ್ತಿದಾಗ ಕುರ್ಚಿ ತಿರುಗಿಸಿಕೊಂಡರು. ಅವನು ಕೆಳಗೆ ಬಿದ್ದಾಗ ಪಕ್ಕದಲ್ಲಿದ್ದ ಮಾವನವರ ತೊಡೆಗೆ ಫಟ್ಟನೆ ಹೊಡೆದರು. ಮಾವನವರು ತಿರುಗಿ ಅವರ ತೊಡೆಗೆ ಹೊಡೆದರು. ಇಬ್ಬರೂ ಬೆರಳು ತೋರಿಸುತ್ತ, ಕಣ್ಣು ಒರೆಸಿಕೊಳ್ಳುತ್ತ, ಕೂಡಿ ಬೆಳೆದವರಂತೆ ನಕ್ಕರು. ತಾಯಿಯೂ ಸೆರಗು ಬಾಯಿಗೆ ಒತ್ತಿಕೊಂಡರು.

ನಗದವನು ಹುಡುಗ ಒಬ್ಬನೇ. “ಇದೆಲ್ಲಾ ಖರೇ ಅಲ್ರಿ. ಮಂಚ ರಟ್ಟಿಂದಿರತೈತಿ,” ಎಂದು ನಾದಿನಿಗೆ ವಿವರಿಸಿದ. ಆಮೇಲೆ ಗಡಿಯಾರ ನೋಡಿ, ಬಸ್ಸಿಗೆ ಹೊತ್ತಾಯಿತೆಂದು ಎಲ್ಲರನ್ನೂ ಎಬ್ಬಿಸಿದ.

ಅವರು ಹೋದ ಮೇಲೆ ನಾದಿನಿ ಅಡುಗೆಮನೆಗೆ ಬಂದಳು. “ನಾ ಒಲ್ಲೆ, ವೈನಿ.”

“ಯಾಕ? ಹುಡುಗ ಛಲೋ ಅದಾನಲ್ಲ.”

“ಛಲೋ ಅದಾನ. ಆದ್ರ ಅಂಥಾದ್ದ ನೋಡಿನೂ ರಟ್ಟು ಅಂದ. ದಿನಾ ನಾ ಏನ್ ಹೇಳಿದ್ರೂ ಹಂಗ ಅಂದ್ರ ನಾ ಏನ್ ಮಾಡ್ಲಿ?”

ಹನುಮಸಾಗರದವರಿಗೆ ಹೇಗೆ ಹೇಳಿ ಕಳಿಸುವುದೆಂದು ಮನೆಯವರೆಲ್ಲ ತಲೆ ಕೆಡಿಸಿಕೊಂಡಿರುವಾಗಲೇ ಒಂದು ಮುಂಜಾನೆ ದೊಡ್ಡಪ್ಪ ಒಬ್ಬರೇ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಶೇಂಗಾ ಚೀಲ. ಉತ್ತರ ಕೇಳಲು ಬಂದರೆಂದುಕೊಂಡು ಅತ್ತೆಯವರು ಗಡಿಬಿಡಿಯಲ್ಲಿ ನೀರು ತಂದಿಟ್ಟರು. ದೊಡ್ಡಪ್ಪ ಕೂತು, ನೀರು ಕುಡಿದು, ಸಂಕೋಚದಿಂದ ಕೇಳಿದರು:

“ಅವತ್ತ ನಡುವ ಎದ್ವಿ. ಆ ಮಂಚ ಮುಟ್ಟಿತೇನ್ರಿ?”

ಸಿನಿಮಾ ಹಚ್ಚುವ ಮೊದಲು ನಿಜ ಹೇಳಿಬಿಡೋಣವೆಂದು ಅತ್ತೆಯವರು ಅವರ ಕಿವಿಯ ಹತ್ತಿರ ಬಾಗಿ, “ಹುಡುಗಿ ಒಲ್ಲೆ ಅಂತಾಳ್ರೀ,” ಎಂದು ಕೂಗಿದರು. ಓಣಿಗೆಲ್ಲ ಸುದ್ದಿ ಮುಟ್ಟಿತು. ದೊಡ್ಡಪ್ಪ ಶೇಂಗಾ ಚೀಲವನ್ನು ಅತ್ತೆಯವರ ಕಡೆ ಸರಿಸಿ, “ಇರ್ಲಿ ಬಿಡ್ರಿ. ನಮ್ಮಾಂವ ಸಣ್ಣಾಂವಿದ್ದಾಗಿಂದ ನಗೂದು ಕಡಿಮಿ,” ಎಂದು ಟಿವಿಯ ಕಡೆ ತಿರುಗಿದರು.

ಆಮೇಲೆ ಅವರು ಬರುತ್ತಲೇ ಇದ್ದಾರೆ. ಯಲಬುರ್ಗಾದಲ್ಲಿ ಕೆಲಸವಿದೆ ಎನ್ನುತ್ತಾರೆ, ಕೆಲಸ ಇದೇ. ನಾದಿನಿಗೆ ಗಂಗಾವತಿ ಕಡೆ ಸಂಬಂಧ ಕುದುರಿ, ಅವಳ ಮದುವೆಯಲ್ಲಿ ಮುಂದೆ ನಿಂತು ಬಡಿಸಿದವರೂ ಅವರೇ. ಇಬ್ಬರಿಗೂ ಆ ಸಿನಿಮಾ ಬಾಯಿಪಾಠವಾಗಿದೆ. ಕುಡುಕ ಬೀಳುವುದಕ್ಕೆ ಮುಂಚೆಯೇ ನಗು ಶುರು. ಮೊದಲು ನನಗೆ ಇದು ತಿಳಿಯುತ್ತಿರಲಿಲ್ಲ: ಗೊತ್ತಿದ್ದದ್ದಕ್ಕೆ ಯಾಕಿಷ್ಟು ನಗು? ಈಗ ನಾನೂ ಒಲೆ ಸಣ್ಣ ಮಾಡಿ ಬಂದು ನಿಲ್ಲುತ್ತೇನೆ. ಎಲ್ಲ ಬಿದ್ದು ಚದುರಿದ ಮೇಲೆ ಆ ಸಣಕಲ ಕೋಟು ಝಾಡಿಸಿ ಮತ್ತೆ ಹಗ್ಗ ಹೆಗಲಿಗೆ ಹಾಕುವ ಜಾಗ ಒಂದಿದೆ. ಅಲ್ಲಿ ಇಬ್ಬರೂ ನಗುವುದಿಲ್ಲ. ತುಸು ಮುಂದೆ ಬಾಗಿ ಕೂರುತ್ತಾರೆ, ತಾವೂ ಒಂದು ಕೈ ಹಚ್ಚುವವರಂತೆ.

ಮೊನ್ನೆ ದೊಡ್ಡಪ್ಪ ತಮ್ಮ ಹೆಂಡತಿಯನ್ನೂ ಕರೆತಂದಿದ್ದರು. ಆಕೆ ಸಿನಿಮಾ ನೋಡಲಿಲ್ಲ, ತೊಡೆ ತಟ್ಟಿಕೊಂಡು ಹರಟುತ್ತಿದ್ದ ಗಂಡನನ್ನೇ ನೋಡುತ್ತ ಕೂತರು. ಆಮೇಲೆ ನನಗೆ ಮೆಲ್ಲಗೆ ಹೇಳಿದರು: “ಮನ್ಯಾಗ ಹಾಂ, ಹೂಂ ಬಿಟ್ರ ಮಾತಿಲ್ಲವಾ. ಇಲ್ಲಿ ನೋಡು, ಎಷ್ಟ್ ಮಾತಾಡಾಕತ್ಯಾರ.”