ಬೀಜದ ಪ್ಯಾಕೆಟ್ ಮೇಲೆ ಬಸಮ್ಮಕ್ಕನ ಚೆಂಡುಹೂವು

ಹೋದ ವಾರ ಗುಮ್ಮಘಟ್ಟದ ಕಡೆ ಒಂದು ಹೊಲದ ಬದುವಿನ ಮೇಲೆ ನಿಂತು ಕೂಗಿಯೇ ಬಿಟ್ಟೆ. ಹಾವು ಕಂಡು ಅಲ್ಲ. ಖಾಲಿ ಬೀಜದ ಪ್ಯಾಕೆಟ್ ಕಂಡು!

ನಮ್ಮ ಕಡೆಯ ರೂಢಿ ಗೊತ್ತಲ್ಲ, ಸಾಲಿನ ತುದಿಗೆ ಕಡ್ಡಿ ನೆಟ್ಟು, ಬಿತ್ತಿದ ಬೀಜದ ಪ್ಯಾಕೆಟ್ಟನ್ನು ಅದಕ್ಕೆ ಸಿಕ್ಕಿಸುತ್ತಾರೆ. ಆ ಪ್ಯಾಕೆಟ್ ಮೇಲೆ ಕೆಂಡದ ಬಣ್ಣದ ದಪ್ಪ ಚೆಂಡುಹೂವು. ಎಡಗಡೆ ಹುಳ ಕಡಿದ ಒಂದು ಎಸಳು. ಆ ಎಸಳು ನನಗೆ ಗೊತ್ತಾಗದೆ ಇರುತ್ತದೆಯೇ? ಆ ಫೋಟೋ ತೆಗೆದವನೇ ನಾನು.

ಹೂವು, ತೋಟಗಳ ಫೋಟೋ ತೆಗೆಯುವುದು ನನ್ನ ಕಸುಬು. (ಮದುವೆ ಫೋಟೋ ಯಾಕೆ ಒಲ್ಲೆ ಅಂತೀರಾ? ಹೂವು "ಕಣ್ಣು ಮುಚ್ಚಿದ್ದೆ, ಇನ್ನೊಂದು ತೆಗೀರಿ" ಅನ್ನುವುದಿಲ್ಲ.) ರಾಯದುರ್ಗದ ಮನೆಯಲ್ಲಿ ಕೂತು, ಫೋಟೋ ಮಾರುವ ವೆಬ್‌ಸೈಟಿಗೆ ಹಾಕುತ್ತೇನೆ. ಯಾರೋ ಕೊಳ್ಳುತ್ತಾರೆ. ಕ್ಯಾಲೆಂಡರಿಗೋ, ಊದುಬತ್ತಿ ಡಬ್ಬಿಗೋ, ನಾನು ಕೇಳಿದವನಲ್ಲ. ಇದು ಯಾವ ತಳಿ ಎಂದು ಅವರೂ ಕೇಳಿದವರಲ್ಲ.

ಖುಷಿ ತಡೆಯದೆ ಹೊಲದ ಒಡತಿ ಬಸಮ್ಮಕ್ಕನನ್ನು ಕರೆದೆ. "ಅಕ್ಕಾ, ಇದು ನನ್ನ ಫೋಟೋ! ಎರಡು ವರ್ಷದ ಹಿಂದ ನಿಮ್ಮ ಇದೇ ಹೊಲದಾಗ ತೆಗೆದಿದ್ದು!"

ಆಕೆ ಪ್ಯಾಕೆಟ್ ಕಿತ್ತು ಕಣ್ಣಿನ ಹತ್ತಿರ ಹಿಡಿದರು.

"ನಮ್ಮ ಹೂವಾ? ತಮಾಷಿ ಮಾಡಬ್ಯಾಡ್ರಿ. ನಮ್ಮದು ತೆಳು ಹಳದಿ ಇತ್ತಲ್ರಿ."

"ಬಣ್ಣ ಕಂಪ್ಯೂಟರಿನಾಗ ಸ್ವಲ್ಪ ಏರಿಸಿದ್ದೆ ಅಕ್ಕಾ..."

ಹೇಳುತ್ತಲೇ ಸಾಲುಗಳ ಕಡೆ ನೋಡಿದೆ. ಗಿಡಗಳು ಮೊಣಕಾಲೆತ್ತರವೂ ಬಂದಿಲ್ಲ. ಹೂವು ಅಂಗಿ ಗುಂಡಿಯಷ್ಟು. ಇದನ್ನು ಕಟ್ಟುವುದು ಹೇಗೆ, ಮಾರುವುದು ಹೇಗೆ? ಅಯ್ಯೋ ಶಿವನೇ, ಒಳಗಿನ ಬೀಜ ಯಾವುದೋ, ಮೇಲಿನ ಹೂವು ಈಕೆಯದೇ!

"ಈ ಬಣ್ಣ ನೋಡೇ ತಂದೆನ್ರಿ ನಾನು," ಎಂದರು ಬಸಮ್ಮಕ್ಕ. "ನಮ್ಮತ್ತಿ ಕಾಲದಿಂದ ಹೂ ಒಣಗಿಸಿ ನಾವೇ ಬೀಜ ಇಟ್ಕೋತಿದ್ವಿ. ಇಂಥಾ ಹೂ ಬರೋವಾಗ ಅದು ಇನ್ಯಾಕ ಅಂತ, ಇದ್ದದ್ದನ್ನೂ ತಿಪ್ಪಿಗೆ ಚೆಲ್ಲಿದೆ."

"ಅಕ್ಕಪಕ್ಕದವರ ಹತ್ರ ಆ ಬೀಜ ಇರಬೇಕಲ್ಲ?"

"ಅವ್ರಿಗೆಲ್ಲಾ ಪ್ಯಾಕೆಟ್ ತೋರ್ಸಿದಾಕಿ ನಾನೇರಿ."

ಬೀಜದ ಕಂಪನಿಯವರದು ತಪ್ಪು, ಸರಿ. ಇನ್ಯಾವುದೋ ಹೂವನ್ನು ತೋರಿಸಿ ಮಾರಿದ್ದು ಮೋಸವೇ. ಆದರೆ ಆಕೆಯ ಹೂವು ಆಕೆಗೇ ಗುರುತು ಸಿಗದಂತೆ ಮಾಡಿದವನು ಯಾರು? ಎಸಿ ರೂಮಿನಲ್ಲಿ ಕೂತ ಮ್ಯಾನೇಜರಾ? ಅಲ್ಲ ಸ್ವಾಮಿ, ನಾನು. ಮೌಸ್ ಹಿಡಿದು, ಟೀ ಕುಡಿಯುತ್ತಾ, "ಇನ್ನೂ ಸ್ವಲ್ಪ ಕೆಂಪಿರಲಿ" ಅಂದುಕೊಂಡವನು. ಆ ಹಳದಿಗೆ ಏನು ಕಮ್ಮಿಯಾಗಿತ್ತು?

ಬಸಮ್ಮಕ್ಕ ಪ್ಯಾಕೆಟ್ಟನ್ನು ಮತ್ತೆ ಕಡ್ಡಿಗೆ ಸಿಕ್ಕಿಸಿ ಕೇಳಿದರು: "ಬಣ್ಣ ಏರಿಸೋಕಿಂತ ಮೊದಲಿನ ಫೋಟೋ ಐತೇನ್ರಿ?"

"ಐತಕ್ಕ, ಜೋಪಾನವಾಗಿ ಇಟ್ಟೀನಿ," ಎಂದೆ.

"ಹಂಗಾರ ಅದನ್ನ ಬಿತ್ತಾಕ ಬರ್ತೈತೇನ್ರಿ?"