ಅಪ್ಪನ ತಾಟಿನ ಉಪ್ಪು

ಮಕ್ಕಳೇ, ನಾನು ಚಿಕ್ಕವಳಿದ್ದಾಗ ಒಂದು ಚಳಿಗಾಲ ನಮ್ಮ ಅಡುಗೆಮನೆಯಲ್ಲಿ ಯಾರೂ ಯಾರನ್ನೂ ನಂಬುತ್ತಿರಲಿಲ್ಲ. ಮನೆಯಲ್ಲಿ ಕಳವಾಗಿರಲಿಲ್ಲ, ಜಗಳವೂ ಆಗಿರಲಿಲ್ಲ. ಆದರೂ ಊಟಕ್ಕೆ ಕೂತಾಗ ಒಬ್ಬರ ಕಣ್ಣು ಇನ್ನೊಬ್ಬರ ಕೈಯ ಮೇಲೆಯೇ ಇರುತ್ತಿತ್ತು. ಇದಕ್ಕೆಲ್ಲ ಕಾರಣ ಒಂದು ಚಿಟಿಕೆ ಉಪ್ಪು.

ಆಗ ನನಗೆ ಒಂಬತ್ತು ವರ್ಷ. ನಮ್ಮ ಮನೆ ಇಳಕಲ್ಲಿನ ನೇಕಾರರ ಓಣಿಯಲ್ಲಿತ್ತು. ಮುಂದಿನ ಕೋಣೆಯಲ್ಲಿ ಅಪ್ಪನ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಹಲಗೆ ತುಳಿಯುತ್ತ, ಲಾಳಿ ಎಸೆಯುತ್ತ ಅಪ್ಪ ದಿನವಿಡೀ ಸೀರೆ ನೇಯುತ್ತಿದ್ದ. ಮಗ್ಗದ ಸದ್ದು ನಿಂತರೆ ಊಟದ ಹೊತ್ತಾಯಿತು ಎಂದರ್ಥ. ಒಳಗೆ ಅಡುಗೆಮನೆ ಅವ್ವನದು. ಆದರೆ ಒಲೆಯ ಮುಂದಿನ ಮಣೆ ಮಾತ್ರ ಆಯಿಯದು. ಆಯಿ ಎಂದರೆ ಅಪ್ಪನ ತಾಯಿ. ಅವಳ ಕಣ್ಣಿಗೆ ಪೊರೆ ಬಂದು ಮುಖಗಳೆಲ್ಲ ಹೊಗೆಯೊಳಗಿನಂತೆ ಕಾಣುತ್ತಿದ್ದವು. ಆದರೂ ರೊಟ್ಟಿ ಬಡಿಯಲು ಅವಳಿಗೆ ಕಣ್ಣು ಬೇಕಿರಲಿಲ್ಲ. ಕೈಯೇ ಎಲ್ಲವನ್ನೂ ನೋಡುತ್ತಿತ್ತು.

ಯಾವ ಕಾಲ ನಡೆದಿದೆ ಎಂದು ನಮ್ಮ ತಾಟು ನೋಡಿದರೆ ತಿಳಿಯುತ್ತಿತ್ತು. ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯಲ್ಲಿ ತಣ್ಣಗಿಟ್ಟ ಅಂಬಲಿ, ಜೊತೆಗೆ ಗುದ್ದಿ ಒಡೆದ ಉಳ್ಳಾಗಡ್ಡಿ. ಮಳೆ ಬಿದ್ದ ಮೇಲೆ ಹುಳಿ ಹುಳಿ ಪುಂಡಿಪಲ್ಯ, ಅದರ ಮೇಲೆ ಚುರ್ ಎನ್ನುವ ಬೆಳ್ಳುಳ್ಳಿ ಒಗ್ಗರಣೆ. ಚಳಿ ಬಂತೆಂದರೆ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಎಣ್ಣೆ ಬಿಟ್ಟುಕೊಂಡು ಮಿನುಗುವ ಬದನೆಕಾಯಿ. ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ ಉದುರಿಸಿದ ಸೀತನಿ. ಬಿಳಿಜೋಳದ ರೊಟ್ಟಿ ಮಾತ್ರ ಮೂರೂ ಕಾಲಕ್ಕೆ ಇದ್ದದ್ದೇ.

ಆ ವರ್ಷ ಪುಂಡಿಪಲ್ಯದ ಕಾಲ ಮುಗಿಯುವಷ್ಟರಲ್ಲಿ ಅಪ್ಪನ ಪಾದ ಬಾತವು. ಮೊದಲು ಚಪ್ಪಲಿ ಬಿಗಿಯಾದವು. ಆಮೇಲೆ ಮೊಣಕಾಲಿನವರೆಗೂ ಬಾವು ಏರಿತು. ಮುಂಜಾನೆ ಎದ್ದರೆ ಕಣ್ಣಿನ ರೆಪ್ಪೆಯೂ ಊದಿರುತ್ತಿತ್ತು. ಮಗ್ಗದ ಹಲಗೆ ತುಳಿಯಲಾಗದೆ ಒಂದು ದಿನ ಅಪ್ಪ ಅರ್ಧ ನೇಯ್ದ ಸೀರೆಯ ಮೇಲೆ ಬಟ್ಟೆ ಹೊದಿಸಿ ಎದ್ದುಬಿಟ್ಟ. ಅವ್ವ ಅವನನ್ನು ಹುನಗುಂದದ ದವಾಖಾನೆಗೆ ಕರೆದುಕೊಂಡು ಹೋದಳು. ಮೂತ್ರಪಿಂಡಕ್ಕೆ ಬಾಧೆಯಾಗಿದೆ, ಮೈಯಲ್ಲಿ ನೀರು ತುಂಬಿದೆ ಎಂದು ಡಾಕ್ಟರು ಹೇಳಿದರಂತೆ.

"ಗುಳಿಗಿ ಅರ್ಧಾ ಕೆಲಸಾ ಮಾಡ್ತಾವ. ಉಳಿದ ಅರ್ಧಾ ನೀವು ಅಡಿಗಿ ಮನ್ಯಾಗ ಮಾಡಬೇಕು. ಉಪ್ಪು ಪೂರಾ ಬಂದ್," ಎಂದಿದ್ದರು ಅವರು.

ಅಂದಿನಿಂದ ಅವ್ವ ಸಾರಿಗೂ ಪಲ್ಯಕ್ಕೂ ಉಪ್ಪು ಹಾಕುವುದನ್ನು ಬಿಟ್ಟಳು. ಅಪ್ಪನೊಬ್ಬನಿಗೆ ಸಪ್ಪಗೆ ಬಡಿಸಿ ನಾವು ರುಚಿಯಾಗಿ ತಿನ್ನುವುದು ಅವಳಿಗೆ ಸೇರಲಿಲ್ಲ. ಉಪ್ಪಿನ ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ, ತನ್ನದೇ ಒಂದು ಗಂಟು ಹಾಕಿ ಅಟ್ಟದ ಮೇಲಿಟ್ಟಳು. ಸಪ್ಪನೆಯ ಬೇಳೆ ಬಾಯೊಳಗೆ ತಿರುಗುತ್ತಿತ್ತೇ ಹೊರತು ಗಂಟಲಿಗೆ ಇಳಿಯುತ್ತಿರಲಿಲ್ಲ. ಆದರೆ ಹದಿನೈದು ದಿನದಲ್ಲಿ ಅಪ್ಪನ ಬಾವು ಇಳಿಯಿತು. ನಾವೆಲ್ಲ ಹಿಗ್ಗಿದೆವು.

ಮುಂದಿನ ಹದಿನೈದು ದಿನದಲ್ಲಿ ಅದು ಮತ್ತೆ ಏರಿತು.

ಈ ಸಲ ದವಾಖಾನೆಯಿಂದ ಬಂದ ಅವ್ವನ ಮುಖ ಬಿಳಚಿಕೊಂಡಿತ್ತು. "ಮನ್ಯಾಗ ಯಾರೋ ಅವರಿಗೆ ಉಪ್ಪು ತಿನಸಾಕತ್ತಾರಂತ. ಹಿಂಗ ನಡದ್ರ ನೀರು ಎದಿಗೆ ಏರ್ತೈತಂತ. ಏರಿದ್ರ ಉಳಿಯೂದು ಕಠಿಣ ಅಂದ್ರು," ಎಂದು ಹೇಳಿ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು. ಆ ನೋಟ ನನಗೆ ಇನ್ನೂ ನೆನಪಿದೆ. ನಾನು ಏನೂ ಮಾಡಿರಲಿಲ್ಲ. ಆದರೂ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿದೆ.

ಅವ್ವನಿಗೆ ಮೊದಲು ಅನುಮಾನ ಬಂದದ್ದು ಅಕ್ಕನ ಮೇಲೆ. ಅಕ್ಕನಿಗೆ ಆಗ ಹದಿನಾಲ್ಕು ವರ್ಷ. ಅಪ್ಪನೆಂದರೆ ಜೀವ. "ಅಪ್ಪ ಕೇಳಿದ ಅಂತ ಏನರ ಕೊಟ್ಟಿಯೇನು? ಖರೆ ಹೇಳು," ಎಂದು ಅವ್ವ ದಿನಕ್ಕೆ ಮೂರು ಸಲ ಕೇಳುತ್ತಿದ್ದಳು. ಅಕ್ಕ ಅಳುತ್ತ ಆಣೆ ಇಡುತ್ತಿದ್ದಳು. ಅಪ್ಪನನ್ನು ಕೇಳಿದರೆ ಅವನಿಗೆ ಸಿಟ್ಟು. "ನನ್ನ ಮ್ಯಾಲೂ ಸಂಶೆ ಬಂತೇನು ನಿಮಗ?" ಎಂದು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ. ಕೊನೆಗೆ ಅವ್ವ ನನ್ನನ್ನು ಹಿತ್ತಿಲಿಗೆ ಕರೆದು ಪಿಸುಗುಟ್ಟಿದಳು: "ನಿನ್ನ ಕಣ್ಣು ಚುರುಕ ಅದಾವ. ಅಪ್ಪನ ಬಾಯಿಗೆ ಏನೇನು ಹೋಗ್ತೈತಿ, ನೀ ನೋಡ್ಕೋತ ಇರು. ಯಾರಿಗೂ ಹೇಳಬ್ಯಾಡ."

ಅಂಥ ಕೆಲಸ ಸಿಕ್ಕರೆ ಯಾವ ಮಗು ಬಿಟ್ಟೀತು? ನನಗೆ ಎಲ್ಲರೂ ಕಳ್ಳರಂತೆ ಕಾಣತೊಡಗಿದರು. ಅಕ್ಕ ಮುಷ್ಟಿ ಬಿಗಿಹಿಡಿದು ಓಡಾಡಿದರೆ ಅದರೊಳಗೆ ಹರಳುಪ್ಪು ಇದೆ ಎನಿಸುತ್ತಿತ್ತು. ಒಮ್ಮೆ ಬಲವಂತವಾಗಿ ಬಿಡಿಸಿ ನೋಡಿದೆ. ನಾಲ್ಕು ಹುರಿದ ಶೇಂಗಾಕಾಳು. ಅಕ್ಕ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಆಮೇಲೆ ನನ್ನ ಅನುಮಾನ ಚಾಚಾನ ಮೇಲೆ ಬಿತ್ತು. ಚಾಚಾ ನಮ್ಮ ಪಕ್ಕದ ಮನೆಯವರು. ನೂಲಿಗೆ ಬಣ್ಣ ಹಾಕುವ ಅವರ ಬೆರಳುಗಳು ಒಂದು ದಿನ ಕೆಂಪು, ಒಂದು ದಿನ ನೀಲಿ. ಅಪ್ಪನೂ ಅವರೂ ಸಾಲೆಯ ಕಾಲದಿಂದ ಗೆಳೆಯರು. ಅಪ್ಪ ಮಲಗಿದಂದಿನಿಂದ ಅವರು ಊಟದ ಹೊತ್ತಿಗೆ ಒಂದು ಮುಚ್ಚಿದ ಡಬ್ಬಿ ಹಿಡಿದು ಬರುತ್ತಿದ್ದರು. ಅದರಲ್ಲಿದ್ದುದನ್ನು ಅಪ್ಪನ ತಾಟಿನ ಬದಿಗೆ ಇಟ್ಟು, ಒಂದೆರಡು ಮಾತಾಡಿ ಹೋಗುತ್ತಿದ್ದರು. ಅವರ ಬೆನ್ನು ಅಡ್ಡವಿರುತ್ತಿದ್ದುದರಿಂದ ಏನೆಂದು ನನಗೆ ಕಾಣುತ್ತಿರಲಿಲ್ಲ.

ಒಂದು ದಿನ ಸಾಲೆಗೆ ಸೂಟಿ ಇತ್ತು. ಮುಂಜಾನೆ ಹೊಲದಿಂದ ಸೀತನಿಯ ತೆನೆ ಬಂದಿದ್ದವು. ಹಿತ್ತಿಲಲ್ಲಿ ಕೆಂಡದ ಮೇಲೆ ಅವು ಚಟಪಟ ಎನ್ನುತ್ತ ಸುಡುತ್ತಿದ್ದರೂ ನಾನು ಅತ್ತ ಹೋಗಲಿಲ್ಲ. ಬಾಗಿಲಲ್ಲೇ ಕಾದು ಕೂತೆ. ಚಾಚಾ ಬಂದ ಕೂಡಲೇ ಅಡ್ಡ ನಿಂತು ಕೇಳಿದೆ:

"ಚಾಚಾ, ಡಬ್ಬಿ ತಗದು ತೋರಸ್ರಿ."

"ಯಾಕವಾ?"

"ಅಪ್ಪಗ ಉಪ್ಪು ಕೊಡೋರು ಯಾರಂತ ನೋಡಾಕತ್ತೀನಿ."

ಚಾಚಾ ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಹೋಳು ಮಾಡಿದ ಎರಡು ನಿಂಬೆಹಣ್ಣು. ಅವರ ತಂಗಿಯನ್ನು ಕೊಟ್ಟದ್ದು ಕಲಾದಗಿಗೆ. ಅಲ್ಲಿಯ ತೋಟದಿಂದ ತರಿಸಿದ ಹಣ್ಣು. ಸಪ್ಪನೆಯ ಬೇಳೆಗೆ ನಿಂಬೆ ಹಿಂಡಿದರೆ ನಾಲ್ಕು ತುತ್ತು ಹೆಚ್ಚು ಇಳಿಯುತ್ತದೆ ಎಂದು ಅವರು ಡಾಕ್ಟರನ್ನು ಕೇಳಿಯೇ ತರುತ್ತಿದ್ದರಂತೆ. ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ಒಳಗ ಒಯ್ದು ಕೊಡವಾ," ಎಂದು ಹೊಸ್ತಿಲು ದಾಟದೆ ಹಿಂದಿರುಗಿದರು. ಅವರು ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು.

ನಾನು ನಾಚಿಕೆಯಿಂದ ಒಳಗೆ ಬಂದೆ. ಅಪ್ಪ ಊಟಕ್ಕೆ ಕೂತಿದ್ದ. ಅವನಿಗೆಂದು ಆಯಿ ಮೊದಲ ನಾಲ್ಕು ರೊಟ್ಟಿಯನ್ನು ತೆಳ್ಳಗೆ, ಮೆತ್ತಗೆ ಬಡಿದು ಬೇರೆ ಬುಟ್ಟಿಯಲ್ಲಿ ಬಟ್ಟೆ ಮುಚ್ಚಿಡುತ್ತಿದ್ದಳು. ಅಪ್ಪ ಬೇಳೆಯನ್ನು ಮುಟ್ಟದೆ ಬರೀ ರೊಟ್ಟಿಯನ್ನೇ ಮುರಿದು ಮುರಿದು ತಿನ್ನುತ್ತಿದ್ದುದು ಅಂದು ಮೊದಲ ಸಲ ನನ್ನ ಕಣ್ಣಿಗೆ ಬಿತ್ತು. ಪಲ್ಯವಿಲ್ಲದೆ ಯಾರಾದರೂ ಬರೀ ರೊಟ್ಟಿಯನ್ನು ಅಷ್ಟು ಆಸೆಯಿಂದ ತಿನ್ನುತ್ತಾರೆಯೇ? ಕೊನೆಯ ರೊಟ್ಟಿಯಲ್ಲಿ ಒಂದು ತುಣುಕು ಉಳಿಯಿತು. ಅಪ್ಪ ಕೈ ತೊಳೆದು ಚಾಪೆಯ ಮೇಲೆ ಒರಗಿದ. ತಾಟು ಎತ್ತಿಕೊಂಡು ಹಿತ್ತಿಲಿಗೆ ಬಂದವಳೇ ಆ ತುಣುಕನ್ನು ಬಾಯಿಗೆ ಹಾಕಿಕೊಂಡೆ.

ಉಪ್ಪು!

ಮಕ್ಕಳೇ, ನಮ್ಮ ಮನೆಯಲ್ಲಿ ಜೋಳದ ರೊಟ್ಟಿಗೆ ಎಂದೂ ಉಪ್ಪು ಹಾಕುತ್ತಿರಲಿಲ್ಲ. ಹಿಟ್ಟು, ಬಿಸಿನೀರು, ಅಷ್ಟೇ. ಅದಕ್ಕೇ ಯಾರ ಅನುಮಾನವೂ ರೊಟ್ಟಿಯ ಬುಟ್ಟಿಯ ಕಡೆ ಹೋಗಿರಲಿಲ್ಲ. ನಾನು ಒಲೆಯ ಹತ್ತಿರ ಓಡಿದೆ. ಆಯಿ ನಮ್ಮ ಪಾಲಿನ ರೊಟ್ಟಿ ಬಡಿಯುತ್ತಿದ್ದಳು. ಅವಳ ಬಲಗಡೆ ನೀರಿನ ಚರಿಗೆ ಇತ್ತು. ಎಡಗಡೆ, ಮಣೆಯ ಮರೆಯಲ್ಲಿ ಒಂದು ಚಿಕ್ಕ ಬಟ್ಟಲು. ಬಟ್ಟಲಿಗೆ ಬೆರಳು ಅದ್ದಿ ನೆಕ್ಕಿದೆ. ಕಟುವಾದ ಉಪ್ಪುನೀರು. ಎಮ್ಮೆಯ ಮುಸುರೆಗೆಂದು ಗೋದಲಿಯಲ್ಲಿಟ್ಟಿದ್ದ ಹರಳುಪ್ಪನ್ನು ಅವಳು ಕರಗಿಸಿಕೊಂಡಿದ್ದಳು. ಆ ಉಪ್ಪನ್ನು ಅಟ್ಟಕ್ಕೆ ಏರಿಸಲು ಅವ್ವ ಮರೆತಿದ್ದಳು.

ರೊಟ್ಟಿ ಬಡಿಯುವ ಸದ್ದು ನಿಂತಿತು.

"ಯಾರದು?" ಎಂದಳು ಆಯಿ.

"ನಾನು. ಆಯೀ, ಅಪ್ಪನ ರೊಟ್ಟಿಗೆ ಉಪ್ಪಿನ ನೀರು ಯಾಕ ಹಾಕ್ತಿ?"

ಅವಳು ಸುಳ್ಳು ಹೇಳಲಿಲ್ಲ. ಹಿಟ್ಟಿನ ಕೈಯಿಂದ ನನ್ನ ಮೊಣಕೈ ಹಿಡಿದು ಹತ್ತಿರ ಕೂರಿಸಿಕೊಂಡಳು. "ಸಪ್ಪನ ಕೂಳು ತಿಂದು ನನ್ನ ಮಗ ಸೊರಗಿದ್ದ. ನಾ ಮಾರಿ ಮ್ಯಾಲ ಕೈ ಆಡಿಸಿ ನೋಡೇನಿ. ಗಲ್ಲ ಒಳಗ ಹೋಗಿದ್ದು, ಎಲಬು ಹತ್ತತಿದ್ದು. ಡಾಕ್ಟರಗೇನು ಗೊತ್ತು? ಹಡದಾಕಿ ನಾನು. ಈಗ ನೋಡು, ರೊಟ್ಟಿ ತಿಂದು ಮತ್ತ ತುಂಬಿಕೊಂಡಾನ. ನಿಮ್ಮವ್ವಗ ಹೇಳಬ್ಯಾಡ ಕೂಸ."

ನನಗೆ ಆಗ ತಿಳಿಯಿತು. ಬಾವು ಇಳಿದಾಗ ಅವಳ ಕೈಗೆ ಮಗ ಬಡಕಲಾದಂತೆ ಅನಿಸಿತ್ತು. ಬಾವು ಏರಿದಾಗ ಮೈ ತುಂಬಿಕೊಂಡಂತೆ ಅನಿಸಿತ್ತು. ಮಗನನ್ನು ಉಳಿಸುತ್ತಿದ್ದೇನೆ ಎಂದೇ ಅವಳು ನಂಬಿದ್ದಳು. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಅವಳು ಒಪ್ಪುವವಳಲ್ಲ. ಅವ್ವನನ್ನು ಕೂಗಲೇ ಎಂದುಕೊಂಡೆ. ಕೂಗಿದರೆ ಅತ್ತೆ ಸೊಸೆಯ ನಡುವೆ ಏನಾದೀತೋ ಎಂದು ಹೆದರಿದೆ. ಸುಮ್ಮನಿದ್ದರೆ ಅಪ್ಪನ ಎದೆಗೆ ನೀರು ಏರುತ್ತದೆ. ಏನೂ ತೋಚದೆ ಆಯಿಯ ಕೈ ಹಿಡಿದು ಎಬ್ಬಿಸಿದೆ. ಅಪ್ಪನ ಕಾಲ ಬಳಿ ತಂದು ಕೂರಿಸಿದೆ.

ಡಾಕ್ಟರು ಬೆರಳಿನಿಂದ ಒತ್ತಿ ನೋಡಿದ್ದನ್ನು ಅವ್ವ ನಮಗೆ ಮಾಡಿ ತೋರಿಸಿದ್ದಳು. ಆಯಿಯ ಹೆಬ್ಬೆರಳನ್ನು ಅಪ್ಪನ ಮೊಣಕಾಲ ಕೆಳಗಿನ ಎಲುಬಿನ ಮೇಲಿಟ್ಟು ನಾನು ಹಾಗೆಯೇ ಒತ್ತಿದೆ. ತೆಗೆದೆ. ಹಸಿ ಹಿಟ್ಟಿನಲ್ಲಿ ಆಗುವಂತೆ ಅಲ್ಲೊಂದು ಕುಳಿ ಬಿತ್ತು. ಅದು ಮೇಲೆ ಬರಲೇ ಇಲ್ಲ.

"ಮುಟ್ಟಿ ನೋಡು ಆಯಿ. ಇದು ಮಾಂಸ ಅಲ್ಲ. ಬರೇ ನೀರು."

ಆಯಿ ಬೆರಳ ತುದಿಯಿಂದ ಆ ಕುಳಿಯ ಸುತ್ತ ಸವರಿದಳು. ಇನ್ನೊಂದು ಕಡೆ ತಾನೇ ಒತ್ತಿದಳು. ಅಲ್ಲೂ ಕುಳಿ. ಮತ್ತೊಂದು ಕಡೆ ಒತ್ತಿದಳು. ಆಮೇಲೆ ನನ್ನ ಕೈ ಎಳೆದು ನನ್ನ ಕಾಲನ್ನು ಒತ್ತಿ ನೋಡಿದಳು. ಕುಳಿ ಬೀಳಲಿಲ್ಲ.

ಅಪ್ಪ ಎಚ್ಚರವಾಗಿಯೇ ಇದ್ದ. ಎದ್ದು ಕೂತು, "ಯವ್ವಾ," ಎಂದ. "ಮೊದಲನೇ ದಿನಾನ ನನಗ ಗೊತ್ತಾಗಿತ್ತು. ಹೇಳಬೇಕಂತ ಬಾಯಿ ತೆಗದಿದ್ದೆ. ನಾಲಿಗಿ ಕೇಳಲಿಲ್ಲ. ತಪ್ಪು ನಂದು."

ಬಾಗಿಲಲ್ಲಿ ಅವ್ವ ನಿಂತಿದ್ದಳು. ಅವಳ ಹಿಂದೆ ಸೀತನಿಯ ಬುಟ್ಟಿ ಹಿಡಿದ ಅಕ್ಕ. ಅವ್ವ ಈಗ ಸಿಡಿಯುತ್ತಾಳೆ ಎಂದುಕೊಂಡೆ. ಆದರೆ ಸಿಡಿದವಳು ಅಕ್ಕ. ಬುಟ್ಟಿಯನ್ನು ನೆಲಕ್ಕೆ ಕುಕ್ಕಿ, "ಎಲ್ಲಾರೂ ನನ್ನ ಮ್ಯಾಲ ಹಾಕಿದ್ರಿ! ಒಬ್ಬರರ ನನ್ನ ನಂಬಿದ್ರೇನು?" ಎಂದು ಬಿಕ್ಕಿದಳು. ಅವ್ವ ಅವಳನ್ನು ತಬ್ಬಿಕೊಂಡು ತಾನೂ ಅತ್ತಳು. ಅಕ್ಕನ ಕಡೆ ನೋಡುವ ಧೈರ್ಯ ಅಪ್ಪನಿಗೆ ಬಹಳ ಹೊತ್ತು ಬರಲಿಲ್ಲ.

ಆಯಿ ಗೋಡೆ ಹಿಡಿದು ಒಳಗೆ ಹೋದಳು. ಆ ಬಟ್ಟಲನ್ನು ಎಮ್ಮೆಯ ಮುಸುರೆಗೆ ಸುರಿದು, ಮೂರು ಸಲ ತೊಳೆದು ಬೋರಲು ಹಾಕಿದಳು. "ನನ್ನ ಕೈ ನನಗ ಮೋಸಾ ಮಾಡ್ತು," ಎಂದಷ್ಟೇ ಹೇಳಿದಳು. ಅಂದು ಮಧ್ಯಾಹ್ನ ಅವಳು ಊಟ ಮಾಡಲಿಲ್ಲ. ಸಂಜೆ ಅವ್ವನೇ ಸಪ್ಪನೆಯ ನುಚ್ಚಿಗೆ ಮಜ್ಜಿಗೆ ಕಲಸಿ, ತುತ್ತು ಮಾಡಿ ಬಾಯಿಗಿಟ್ಟಳು.

ಅಷ್ಟರೊಳಗೆ ನಾನು ಚಾಚಾನ ಮನೆಗೆ ಹೋಗಿದ್ದೆ. ಅವರು ಬಣ್ಣದ ಹಂಡೆಯ ಮುಂದೆ ನಿಂತಿದ್ದರು. "ತಪ್ಪಾತು ಚಾಚಾ," ಎಂದೆ. ಅವರು ನೂಲಿನ ಲಡಿಯನ್ನು ಹಂಡೆಯಲ್ಲಿ ತಿರುವುತ್ತಲೇ, "ಕಳ್ಳ ಸಿಕ್ಕನೇನು?" ಎಂದರು. ನಾನು ಹೂಂ ಎಂದೆ. ಯಾರೆಂದು ಅವರು ಕೇಳಲಿಲ್ಲ. "ನಾಳೆ ಬರ್ತೇನಿ ಅಂತ ಅಪ್ಪಗ ಹೇಳು," ಎಂದರು. ಮರುದಿನ ಹೊಸ್ತಿಲು ದಾಟಿ ಒಳಗೆ ಬಂದರು. ಅಂದಿನಿಂದ ಡಬ್ಬಿಯ ಮುಚ್ಚಳ ತೆಗೆದುಕೊಂಡೇ ಬರುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ನನ್ನ ಮುಖ ಸಣ್ಣದಾಗುತ್ತಿತ್ತು.

ಬಾವು ನಿಧಾನಕ್ಕೆ ಇಳಿಯಿತು. ಆಯಿ ದಿನಾ ಮುಂಜಾನೆ ಅಪ್ಪನ ಕಾಲು ಒತ್ತಿ ನೋಡಿಯೇ ಹಿಟ್ಟಿಗೆ ಕೈ ಹಾಕುತ್ತಿದ್ದಳು. ಗಡಿಗೆಯಲ್ಲಿ ಅಂಬಲಿ ತಣ್ಣಗಿಡುವ ಕಾಲ ಬಂದಾಗ ಒಂದು ದಿನ ಮುಂದಿನ ಕೋಣೆಯಿಂದ ಮಗ್ಗದ ಸದ್ದು ಕೇಳಿತು. ಒಲೆಯ ಮುಂದಿದ್ದ ಆಯಿ ಕೈ ನಿಲ್ಲಿಸಿ ಅತ್ತ ಕಿವಿಗೊಟ್ಟಳು. ಅಪ್ಪ ಮುಂದೆ ಬಹಳ ವರ್ಷ ಬದುಕಿದ. ನನ್ನ ಮದುವೆಯ ಸೀರೆಯನ್ನು ಅವನೇ ನೇಯ್ದ.

ಈಗ ನಾವಿರುವುದು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ. ನೀವು ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಉಣ್ಣುತ್ತೀರಿ. ಒಬ್ಬರು ಟಿವಿ ಮುಂದೆ, ಒಬ್ಬರು ಪುಸ್ತಕದ ಮುಂದೆ. ಬೇಸಿಗೆಯಲ್ಲೂ ಬದನೆಕಾಯಿ ಸಿಗುತ್ತದೆ, ಚಳಿಯಲ್ಲೂ ಮಾವಿನ ರಸ ಸಿಗುತ್ತದೆ. ಯಾರ ತಾಟಿನಲ್ಲಿ ಏನಿತ್ತು ಎಂದು ಕೇಳಿದರೆ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ನಾವು ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದೆವು. ಅದಕ್ಕೇ ಒಬ್ಬರ ಮೇಲೊಬ್ಬರಿಗೆ ಅಷ್ಟು ಅನುಮಾನ, ಅಷ್ಟು ಕಾವಲು.

ನಿಮ್ಮ ಕಾಲದಲ್ಲಿ ಕಾವಲು ಇಲ್ಲ ಎಂದೇ ನಾನು ತಿಳಿದಿದ್ದೆ. ಮೊನ್ನೆ ಐತವಾರ ಯಾರೂ ಇಲ್ಲದ ಹೊತ್ತು ನೋಡಿ ನಾನು ನಿಮ್ಮ ಚಿಪ್ಸ್ ಪೊಟ್ಟಣ ಒಡೆದು ಕೂತಿದ್ದೆ. ನಿಮ್ಮಲ್ಲಿ ಸಣ್ಣವಳು ಎಲ್ಲಿಂದಲೋ ಬಂದು ಅದನ್ನು ಕಸಿದುಕೊಂಡಳು. ಹಿಂದೆ ತಿರುಗಿಸಿ, ಇರುವೆಯಂಥ ಅಕ್ಷರಗಳನ್ನು ಬೆರಳಿಟ್ಟು ಓದಿದಳು. "ಅಜ್ಜಿ, ಇದರಾಗ ಉಪ್ಪು ಎಷ್ಟೈತಿ ಗೊತ್ತೇನು? ನಿನಗ ಬಿಪಿ ಐತಿ. ದಿನಾ ತಿಂತಿಯೇನು? ಖರೆ ಹೇಳು."

ನನಗೆ ಸಿಟ್ಟು ಬಂತು. ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಅವಳು ಕಣ್ಣು ಪಿಳುಕಿಸದೆ ನನ್ನನ್ನೇ ನೋಡುತ್ತಿದ್ದಳು. "ದಿನಾ ಇಲ್ಲ. ವಾರಕ್ಕ ಎರಡು ಸಲ," ಎಂದು ಒಪ್ಪಿಕೊಂಡೆ. ಅವಳು ಪೊಟ್ಟಣವನ್ನು ಮಡಚಿ ತನ್ನ ಜೇಬಿಗೆ ತುರುಕಿಕೊಂಡು, ನನ್ನ ಪಕ್ಕದಲ್ಲೇ ಕೂತಳು.